ಮೆದುಮೂಳೆಯ ಲೆಕ್ಕ

ಪ್ರಯೋಗಾಲಯದ ಕ್ಯಾಂಟೀನು,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಮಂಡಿ ಹೇಗಿದೆ? ‘ಪರವಾಗಿಲ್ಲ’ ಎಂದು ಮಾತ್ರ ಬರೆಯಬೇಡ. ನೆಲದಿಂದ ಏಳುವಾಗ ಈಗಲೂ ಕಿಟಕಿಯ ಸರಳು ಹಿಡಿಯುತ್ತೀಯೋ ಇಲ್ಲವೋ, ಅಷ್ಟು ಹೇಳು. ಭಾವನ ಕೆಮ್ಮು ಹೋಯಿತೇ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ಮಗಳ ಮುಂದಿನ ಎರಡು ಹಲ್ಲು ಬಿದ್ದಿವೆ. ‘ಅತ್ತೆ’ ಅನ್ನಲು ಹೋಗಿ ಬರೀ ಗಾಳಿ ಬಿಡುತ್ತಾಳೆ.

ಈಗ ಸುದ್ದಿ. ಗೋಡೆಗೆ ಬಣ್ಣ ಬಳಿಯುತ್ತಾ ನೀನು ಏಣಿಯಿಂದ ಬಿದ್ದ ವರ್ಷ, ಮಂಡಿಗೆ ಹಾಕಲು ದಾನಿಯ ಮೆದುಮೂಳೆ ಸಿಕ್ಕಿತ್ತಲ್ಲ. ನಿನಗೆ ಜ್ವರ ಬಂತು. ಅದು ಇಳಿಯುವಷ್ಟರಲ್ಲಿ ಆ ತುಂಡಿನ ಜೀವ ಹೋಗಿತ್ತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೀನು, “ಫ್ರಿಜ್ಜಲ್ಲಿ ಇಡೋಕಾಗಲ್ವೇನೋ, ದೊಡ್ಡ ವಿಜ್ಞಾನಿ?” ಎಂದೆ. ನಗುತ್ತಲೇ ಎಂದೆ. ನನಗೆ ಮಾತ್ರ ಅದು ಮುಳ್ಳಿನಂತೆ ಒಳಗೇ ಉಳಿಯಿತು.

ಹಾಗೇ ಫ್ರೀಜ್ ಮಾಡಿದರೆ ನೀರು ಮಂಜುಗಡ್ಡೆಯಾಗಿ ಜೀವಕೋಶಗಳನ್ನು ಹಾಳು ಮಾಡುತ್ತದೆ, ಅಕ್ಕಾ. ಅದಕ್ಕೇ ತುಂಡನ್ನು ಮೊದಲು ಎರಡು ಬಗೆಯ ಮದ್ದಿನಲ್ಲಿ ನೆನೆಸುತ್ತೇವೆ. ಆಗ ಅದು ಮಂಜುಗಟ್ಟದೆ ಗಾಜಿನಂತೆ ಗಟ್ಟಿಯಾಗುತ್ತದೆ. ಕಷ್ಟವೆಂದರೆ ಆ ಮದ್ದುಗಳೇ ವಿಷ. ಎಷ್ಟು ಹಾಕಬೇಕೆಂದು ನಮ್ಮ ಮೇಡಂ ಒಂದು ಲೆಕ್ಕ ಇಟ್ಟುಕೊಂಡಿದ್ದರು: ಒಂದೊಂದು ಮದ್ದು ಒಂಟಿಯಾಗಿ ಎಷ್ಟು ಮಂಜು ತಡೆಯುತ್ತದೆಂದು ಅಳೆದು ಎರಡನ್ನೂ ಕೂಡಿಸುವುದು. ತೆಳ್ಳನೆಯ ದ್ರಾವಣಕ್ಕೆ ಅದು ಸರಿಯೇ. ದ್ರಾವಣ ಗಾಢವಾದರೆ, ನೀನೂ ನಿನ್ನ ಓರಗಿತ್ತಿಯೂ ಒಂದೇ ಅಡುಗೆಮನೆಯಲ್ಲಿ ನಿಂತಂತೆ. ಇಬ್ಬರೇ ಇದ್ದರೂ ಐದು ಜನರ ಗದ್ದಲ! (ಅವಳಿಗೆ ಇದನ್ನು ಓದಿ ಹೇಳಬೇಡ.) ಕಣಗಳು ಒಂದನ್ನೊಂದು ತಳ್ಳುತ್ತವೆ. ಆ ತಳ್ಳಾಟದಿಂದ ದ್ರಾವಣ ನಮ್ಮ ಲೆಕ್ಕಕ್ಕಿಂತ ಇನ್ನೂ ಕೆಳಗಿನ ಉಷ್ಣತೆಯವರೆಗೆ ಹೆಪ್ಪುಗಟ್ಟದೆ ತಡೆಯುತ್ತದೆ. ಮೂರು ತಿಂಗಳು ಬೆರೆಸಿ ಬೆರೆಸಿ ಅಳೆದೆ. ತಳ್ಳಾಟವನ್ನೂ ಲೆಕ್ಕಕ್ಕೆ ಸೇರಿಸಿದಾಗ ತಿಳಿಯಿತು: ನಾವು ಬೇಕಾದ್ದಕ್ಕಿಂತ ಹೆಚ್ಚು ಮದ್ದು ಸುರಿಯುತ್ತಿದ್ದೆವು. ಅತಿಯಾದರೆ ಅಮೃತವೇ ವಿಷವಂತೆ, ಇದಂತೂ ಮೊದಲೇ ವಿಷ.

“ನಾಲ್ಕು ವರ್ಷದ ಲೆಕ್ಕ ತಪ್ಪು ಅಂತೀಯಾ?” ಎಂದರು ಮೇಡಂ. “ಹೌದು ಮೇಡಂ” ಎಂದೆ. ಅವರು ನನ್ನ ಲೆಕ್ಕದ ಹಾಳೆಗಳನ್ನು ಮನೆಗೆ ಒಯ್ದರು. ಮರುದಿನ ಬಂದವರೇ, “ಕಡಿಮೆ ಹಾಕಿ ನೋಡು. ತುಂಡು ಹಾಳಾದ್ರೆ ನಿನ್ನ ತಲೆಗೆ” ಎಂದರು.

ಗಾಜಿನಂತಾದ ತುಂಡನ್ನು ಮತ್ತೆ ಕರಗಿಸಿ ಬಣ್ಣ ಹಾಕಿದರೆ, ಸೂಕ್ಷ್ಮದರ್ಶಕದಲ್ಲಿ ಸತ್ತ ಕೋಶ ಕೆಂಪಗೆ, ಬದುಕಿದ್ದು ಹಸಿರಾಗಿ ಹೊಳೆಯುತ್ತದೆ. ಕೆಂಪು ನೋಡಿ ನೋಡಿ ನನ್ನ ಕಣ್ಣುಗಳೇ ಕೆಂಪಾಗಿದ್ದವು. ಕಡಿಮೆ ಮದ್ದಿನ ತುಂಡಿನಲ್ಲಿ ಅಂದು ಕಂಡದ್ದು ಹಸಿರು! ಮೇಡಂ ನನ್ನನ್ನು ಸ್ಟೂಲಿನಿಂದ ಎಬ್ಬಿಸಿ ತಾವೇ ಕೂತರು, ಮೂರು ಸಲ ಎಣಿಸಿದರು. “ಹತ್ತರಲ್ಲಿ ಎಂಟು ಬದುಕಿವೆ ಕಣೋ!” ನಾನು ಕೈತೊಳೆಯುವ ನೆಪದಲ್ಲಿ ಆಚೆ ಹೋಗಿ ಅತ್ತೆ. ಇದಾಗಿ ವರ್ಷವಾಯಿತು. ಆಮೇಲೆ ಕರಗಿಸಿದ ಇಪ್ಪತ್ತು ತುಂಡುಗಳೂ ಹಾಗೇ ಬದುಕಿ ಬಂದವು. ಒಮ್ಮೆ ಆಸೆ ಹುಟ್ಟಿಸಿ ಮುರಿದದ್ದು ಸಾಕೆಂದು ನಿನಗೆ ಹೇಳಿರಲಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ನೀನು ಬೈಯುತ್ತಾ, ನಗುತ್ತಾ ನೂರು ಕಾಲ ಇರು.

ನಿನ್ನ ತಮ್ಮ,
ಗುಂಗುರ

ತಾ.ಕ.: ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಬರೆಯುತ್ತಿದ್ದೇನೆ. ಇಂಥ ತುಂಡನ್ನು ಮನುಷ್ಯರ ಮಂಡಿಗೆ ಹಾಕಿ ನೋಡಲು ಆಸ್ಪತ್ರೆಯವರು ಒಪ್ಪಿದ್ದಾರೆ. ಮೊದಲ ಆರು ಜನರ ಪಟ್ಟಿಗೆ ನಿನ್ನನ್ನು ಕೇಳದೆಯೇ ನಿನ್ನ ಹೆಸರು ಕೊಟ್ಟಿದ್ದೆ. ಸರ್ಜನ್ ಹಳೆಯ ಎಕ್ಸ್‌ರೇ ನೋಡಿ ಆಗಬಹುದೆಂದರು. ನಿನ್ನ ಅಳತೆಯ ತುಂಡೂ ಇದೆ. ಬೈಯಬೇಕೆನಿಸಿದರೆ ಬೈ, ಆದರೆ ಮೊದಲು ‘ಹೂಂ’ ಅನ್ನು.