ಬಿದ್ದಾಗ ಕೊಳ್ಳಿ ಎಂದ ಕಚೇರಿಗೆ

ಹೂಡಿಕೆದಾರರ ತಿಳಿವಳಿಕೆ ವಿಭಾಗದ ಮುಖ್ಯಸ್ಥರಾದ ಮಾನ್ಯರೇ,

ನನ್ನ ಅಂಗಡಿಯ ಎದುರಿನ ಬಸ್ ನಿಲ್ದಾಣದ ಮೇಲೆ ನೀವು ಹಾಕಿಸಿರುವ ಫಲಕವನ್ನು ದಯವಿಟ್ಟು ತೆಗೆಸಿ. ‘ಷೇರುಪೇಟೆ ಬಿದ್ದಿದೆಯೇ? ಹೆದರಬೇಡಿ, ಕೊಳ್ಳಿ, ಕಾಯಿರಿ’ ಎಂದು ಅದರಲ್ಲಿದೆ. ಪಕ್ಕದಲ್ಲಿ ಕೈ ಕೈ ಹಿಡಿದು ನಗುತ್ತಿರುವ ಗಂಡ ಹೆಂಡತಿಯ ಚಿತ್ರ. ಅವರ ಹಲ್ಲು ನೋಡಿ ನೋಡಿ ನನಗೆ ಸಾಕಾಗಿದೆ. ಅಪಾಯದ ಮಾತನ್ನೂ ಬರೆಸಿದ್ದೀರಿ, ಇಲ್ಲವೆನ್ನುವುದಿಲ್ಲ. ಅದನ್ನು ಇರುವೆಗಳು ಓದಿಕೊಳ್ಳಲಿ ಎಂದು ಬರೆಸಿದಂತಿದೆ, ಅಷ್ಟೇ.

ನಾನು ತುಂಡು ಬಟ್ಟೆ ಮಾರುವವನು. ಗಿರಣಿಯಲ್ಲಿ ಉಳಿದದ್ದು, ಬಣ್ಣ ಹೆಚ್ಚುಕಡಿಮೆಯಾದದ್ದು, ದೊಡ್ಡ ಅಂಗಡಿಯವರು ಬೇಡವೆಂದದ್ದು ನನ್ನಲ್ಲಿಗೆ ಬರುತ್ತದೆ. ನಮ್ಮ ಕಸುಬಿನಲ್ಲಿ ಬೆಲೆ ಇಳಿದಷ್ಟೂ ಹೆಚ್ಚು ಎತ್ತಬೇಕು. ಬೆಲೆ ಅರ್ಧವಾದರೂ ಮೀಟರು ಮೀಟರೇ ತಾನೇ? ಬೆರಳಲ್ಲಿ ಉಜ್ಜಿದರೆ ನೂಲಿನ ಜಾತಕ ತಿಳಿಯುತ್ತದೆ. ಅದರಲ್ಲಿ ನನ್ನ ಹೆಂಡತಿ ನನಗಿಂತ ಒಂದು ಕೈ ಮೇಲು. ನಿಮ್ಮ ಫಲಕ ಓದಿದಾಗ ಇಬ್ಬರಿಗೂ ಇದು ನಮ್ಮದೇ ವ್ಯಾಪಾರ ಅನ್ನಿಸಿತು. ಒಂದು ಕಂಪನಿಯ ಷೇರು ಅರ್ಧಕ್ಕೆ ಇಳಿದಾಗ ಕೊಂಡೆವು. ಅದರ ಅರ್ಧಕ್ಕೆ ಇಳಿದಾಗ, ಗಿರಣಿಯ ಉಳಿಕೆ ಬಟ್ಟೆಯ ಲಾಟು ಎತ್ತುವ ಹುಮ್ಮಸ್ಸಿನಲ್ಲಿ, ಇನ್ನಷ್ಟು ಕೊಂಡೆವು. ಷೇರನ್ನು ಉಜ್ಜಿ ನೋಡಲಾಗದು ಎಂಬುದು ಇಬ್ಬರ ತಲೆಗೂ ಹೊಳೆಯಲಿಲ್ಲ.

ಆ ಹಣ ಅವಳ ಮೊಣಕಾಲಿನ ಆಪರೇಷನ್ನಿಗೆ ಇಟ್ಟದ್ದು. “ಮೊಣಕಾಲು ಎಲ್ಲಿ ಓಡಿಹೋಗುತ್ತೆ ರೀ? ಈ ರೇಟು ಮತ್ತೆ ಸಿಗಲ್ಲ, ತಗೊಂಡ್ಬಿಡಿ,” ಎಂದಳು ಅವಳೇ. ಇಬ್ಬರೂ ನಕ್ಕೆವು. ಆ ಷೇರು ಮತ್ತೆ ಮೇಲೇಳಲಿಲ್ಲ, ಆಪರೇಷನ್ನೂ ಆಗಲಿಲ್ಲ.

ಅಂಗಡಿ ಕೆಳಗೆ, ಮನೆ ಮೇಲೆ, ನಡುವೆ ಕಡಿದಾದ ಮೆಟ್ಟಿಲು. ಈಗ ಅವಳು ಇಳಿಯುವುದೇ ನಿಂತುಹೋಗಿದೆ. ನಾನು ಅಳೆಯುವಾಗ ಬಟ್ಟೆಯ ಇನ್ನೊಂದು ತುದಿ ಹಿಡಿಯುವವರಿಲ್ಲ. ಬಾಗಿಲು ಸದ್ದಾದರೆ ಮೇಲಿನಿಂದ “ಯಾರ್ರೀ ಅದು?” ಎನ್ನುತ್ತಾಳೆ. “ಯಾರೂ ಇಲ್ಲ, ಗಾಳಿ,” ಎನ್ನುತ್ತೇನೆ. ಹಿಂದೆ ಪೇಟೆ ಏರುತ್ತಿದ್ದಾಗ ಪಕ್ಕದ ಗಡಿಯಾರ ರಿಪೇರಿಯವನು ಕರೆಯದೆ ಬಂದು ಲಾಭ ಕೊಚ್ಚಿಕೊಳ್ಳುತ್ತಿದ್ದ. ಈಗ ನಾನು ಕಂಡರೆ ಸಾಕು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ತಲೆ ತಗ್ಗಿಸುತ್ತಾನೆ. ಅವನ ಹಣವೂ ಮುಳುಗಿರಬೇಕು. ಕೇಳುವುದು ಹೇಗೆ? ನಿಮ್ಮ ಸಹಾಯವಾಣಿಗೆ ಫೋನು ಮಾಡಿದೆ. ನನ್ನ ಕರೆ ಅಮೂಲ್ಯವೆಂದು ಒಬ್ಬ ಹೆಣ್ಣುಮಗಳು ಹೇಳಿದಳು, ರೆಕಾರ್ಡ್ ಮಾಡಿದ ದನಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಅಂಗಡಿಯಲ್ಲಿ ಕುಳಿತ ನನ್ನನ್ನು ಆ ದಿನ ಮಾತಾಡಿಸಿದವಳು ಅವಳೊಬ್ಬಳೇ. ಹಾಗಾಗಿ ಇನ್ನೊಮ್ಮೆ ಫೋನು ಮಾಡಿದೆ.

ಪೇಟೆ ಬಿದ್ದಾಗ ಸಣ್ಣವರು ಕೊಳ್ಳಲೇಬಾರದು ಎಂಬುದು ನನ್ನ ವಾದವಲ್ಲ. ಬಹಳ ವರ್ಷ ಮುಟ್ಟಬೇಕಿಲ್ಲದ ಹಣವಿದ್ದವರು, ಅದನ್ನು ನಾಲ್ಕಾರು ಕಡೆ ಹಂಚಬಲ್ಲವರು ಧಾರಾಳವಾಗಿ ಕೊಳ್ಳಲಿ. ಆದರೆ ಕೊಳ್ಳಿ ಎನ್ನುವ ಮುಂಚೆ ‘ಈ ಹಣ ನಿಮಗೆ ಯಾವಾಗ ಬೇಕು?’ ಎಂದು ಕೇಳಲು ತಮಗೇನು ಕಷ್ಟವಿತ್ತು? ಕಾಯಿರಿ ಎಂದಿರಿ. ಎಲ್ಲರ ಮನೆಯಲ್ಲೂ ಕಾಯುವಷ್ಟು ಆರೋಗ್ಯವಿದೆ ಎಂದು ತಮಗೆ ಹೇಳಿದವರಾರು? ಪೇಟೆ ಒಂದಲ್ಲ ಒಂದು ದಿನ ಮೇಲೇಳಬಹುದು. ಆ ಕಂಪನಿಯೂ ಏಳುತ್ತದೆಯೋ ಇಲ್ಲವೋ, ನನ್ನವಳು ಕೆಳಗಿಳಿದು ಬರುವುದು ಯಾವಾಗ?

ಫಲಕ ತೆಗೆಸಲು ಮನಸ್ಸಿಲ್ಲದಿದ್ದರೆ ಆ ಒಂದು ಪ್ರಶ್ನೆಯನ್ನಾದರೂ ದಪ್ಪಕ್ಷರದಲ್ಲಿ ಬರೆಸಿ. ಸಹಾಯವಾಣಿಗೆ ಉಸಿರಾಡುವ ಒಬ್ಬರನ್ನು ಕೂರಿಸಿ.

ಇನ್ನೊಂದು ಕೋರಿಕೆಯಿದೆ. ಮೊನ್ನೆ ಊಟಕ್ಕೆ ಮೇಲೆ ಹೋದಾಗ ಅವಳು ತಟ್ಟೆಯ ಮೇಲಿನ ಕಣ್ಣು ಎತ್ತದೆ ಹೇಳಿದಳು: “ಕೆಳಗೆ ನನ್ನ ಜಾಗಕ್ಕೆ ಯಾರನ್ನಾದ್ರೂ ಇಟ್ಕೊಳ್ಳಿ. ಎಷ್ಟು ದಿನ ಅಂತ ಒಬ್ರೇ ಒದ್ದಾಡ್ತೀರಾ?” ಕೆಳಗೆ ಬಾಗಿಲು ಸದ್ದಾಯಿತೆಂದು ನೆಪ ಹೇಳಿ ನಾನು ಇಳಿದು ಬಂದೆ. ಅವಳು ಇನ್ನೂ ಉತ್ತರಕ್ಕೆ ಕಾಯುತ್ತಿದ್ದಾಳೆ. ಏನು ಹೇಳಬೇಕೆಂದು ತಮ್ಮ ತಜ್ಞರನ್ನು ವಿಚಾರಿಸಿ ತಿಳಿಸಬೇಕಾಗಿ ಪ್ರಾರ್ಥನೆ.

ಇಂತಿ,
ತಮ್ಮ ಮಾತು ಕೇಳಿ ಕೊಂಡ,
ತುಂಡು ಬಟ್ಟೆ ಅಂಗಡಿಯ ಒಬ್ಬನೇ ಒಬ್ಬ