ಮಾವಿನಕಾಯಿಗೆ ಬೆನ್ನು ಮಾಡಿದ ಗಿಳಿ

ಚನ್ನಗಿರಿ
೧೧-೧೧-೧೯೮೧

ಪೂಜ್ಯ ಅತ್ತೆಯವರಿಗೆ ದಾಕ್ಷಾಯಿಣಿಯ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ? ಜಗಳೂರಿನ ನೀರು ಒಗ್ಗುವುದಿಲ್ಲವೆಂದು ಹೋದ ಸಲ ಹೇಳಿದ್ದಿರಿ. ಕಾಯಿಸಿ ಆರಿಸಿ ಕುಡಿಯುತ್ತಿದ್ದೀರಿ ತಾನೆ? (ಪ್ರೇಮಾ, ಓದಿ ಹೇಳುತ್ತಿರುವವಳು ನೀನೇ ಎಂದು ನನಗೆ ಗೊತ್ತು. ‘ಅತ್ತಿಗೀಗೆ ಎಲ್ಲಾನೂ ಕಾಯಿಸಾದೇ ಒಂದು ಹುಚ್ಚು’ ಅಂತ ನಡುವೆ ನಿನ್ನದನ್ನು ಸೇರಿಸಬೇಡ. ಇದ್ದದ್ದನ್ನು ಇದ್ದ ಹಾಗೆ ಓದು.) ಇಲ್ಲಿ ಮಾವನವರು ಕ್ಷೇಮ, ನಿಮ್ಮ ಮಗ ಕ್ಷೇಮ, ಎಮ್ಮೆಯೂ ಕ್ಷೇಮ. ಪುಟ್ಟಿ ಮಾತ್ರ ನಿದ್ದೆ ಮಾಡುವುದಿಲ್ಲ, ಹಾಗಾಗಿ ನಾನೂ ಮಾಡುವುದಿಲ್ಲ. ಕಣ್ಣಿಗೆ ಮರಳು ಹೊಯ್ದ ಹಾಗಿದೆ. ಅಕ್ಷರ ಸೊಟ್ಟಗಾದರೆ ಬೈದುಕೊಳ್ಳಬೇಡಿ.

ನೀವು ಹೋಗಿ ಇವತ್ತಿಗೆ ಹದಿನೇಳು ದಿನ. ಅದರ ಹಿಂದಿನ ದಿನ ಪಕ್ಕದ ಮನೆಯ ದುರುಗಮ್ಮನವರ ಎದುರಿಗೆ ನಾನು ಅಂದ ಮಾತು ನನಗೂ ನೆನಪಿದೆ. ನಿಮ್ಮ ಎರಡು ಹಳೆಯ ಸೀರೆ ಹರಿದು, ತಿಂಗಳುಗಟ್ಟಲೆ ಕೂತು ಹೊಲಿದ ಕೌದಿಯನ್ನು ತಂದು ತೊಟ್ಟಿಲಿಗೆ ಹಾಸಲು ಹೋದಿರಿ. ಹಳೇ ಬಟ್ಟೆಯಲ್ಲಿ ಏನೇನು ಕ್ರಿಮಿ ಇರ್ತಾವೋ, ಮಗೂಗೆ ಮುಟ್ಟಿಸಬೇಡಿ ಅಂದುಬಿಟ್ಟೆ. ಬಿ.ಎಸ್ಸಿ. ಓದಿದ ಬಾಯಿ. ನೀವು ಅದನ್ನು ಮಡಿಸಿ ಟ್ರಂಕಿನ ಮೇಲಿಟ್ಟಿರಿ. ಮರುದಿನ ಬೆಳಿಗ್ಗೆ ‘ಪ್ರೇಮನ್ನ ನೋಡಿ ಭಾಳ ದಿನ ಆತು’ ಎಂದು ಚೀಲ ಹಿಡಿದು ಬಸ್ಸು ಹತ್ತಿದಿರಿ. ಯಾವಾಗ ಬರುತ್ತೀರೆಂದು ಹೇಳಲಿಲ್ಲ. ನಿಮ್ಮ ಮಗ ದಿನವೂ ನನ್ನನ್ನು ಕೇಳುತ್ತಾರೆ. ನಾನು ಯಾರನ್ನು ಕೇಳಲಿ?

ಅದಿರಲಿ. ನಾನು ಬರೆಯಲು ಕೂತದ್ದು ಹೊಲಿಗೆಯ ವಿಚಾರ. ನೀವು ಹೋದ ವಾರವೇ ನನಗೆ ಹಟ ಬಂತು, ಹೊಸ ಬಟ್ಟೆಯಲ್ಲಿ, ಕುದಿಸಿ ಒಣಗಿಸಿ, ನಾನೇ ಒಂದು ತೊಟ್ಟಿಲ ಕೌದಿ ಹೊಲಿದು ತೋರಿಸುತ್ತೇನೆಂದು. ಸಂತೇಬೆನ್ನೂರು ಸಂತೆಯಿಂದ ಮಾವನವರು ತಂದ ಒಣಮೆಣಸಿನಕಾಯಿ ಯಾವುದೋ ವಿದೇಶಿ ಪತ್ರಿಕೆಯ ನುಣುಪು ಹಾಳೆಯಲ್ಲಿತ್ತು. ಅದರಲ್ಲೊಂದು ವಿಧಾನ. ಮೊದಲು ಕಾಗದದ ಮೇಲೆ ಗೆರೆ ಎಳೆದು ಚಿತ್ರ ಬರೆದುಕೊಳ್ಳಬೇಕಂತೆ, ಒಂದೊಂದು ಮನೆಗೂ ನಂಬರು ಹಾಕಬೇಕಂತೆ. ಬಟ್ಟೆಯ ಚೂರನ್ನು ಕಾಗದದ ಅಡಿಗೆ ಹಿಡಿದು, ಮೇಲಿನ ಗೆರೆಯ ಮೇಲೇ ಮಷಿನ್ ಓಡಿಸಿ, ಚೂರನ್ನು ಮಗುಚಿ, ಮುಂದಿನದನ್ನು ಜೋಡಿಸುವುದು. ಗೆರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲವಂತೆ. ಐದು ಹೆಜ್ಜೆ ಅಚ್ಚಾಗಿ ಬರೆದಿತ್ತು. ಆರನೆಯದು ಮುಂದಿನ ಪುಟದಲ್ಲಿ. ಮುಂದಿನ ಪುಟ ಯಾರ ಮನೆಯ ಮೆಣಸಿನಕಾಯಿಯ ಜೊತೆ ಹೋಯಿತೋ!

ಮಾವನವರು, ಪಾಪ, ಮುಂದಿನ ಸಂತೆಗೆ ಹೋಗಿ ಉಳಿದ ಹಾಳೆ ಕೇಳಿದರು. ಅಂಗಡಿಯವನು ‘ನಾನು ಮೆಣಸಿನಕಾಯಿ ಮಾರಾಕೆ ಕುಂತೀನಿ ಯಜಮಾನ್ರೇ, ಪೇಪರ್ ಮಾರಾಕಲ್ಲ. ಇನ್ನೊಂದ್ ಕಾಲ್ ಕೇಜಿ ತಗಳ್ರಿ, ಬಂದ್ರೂ ಬಂತು’ ಅಂದನಂತೆ. ತಗೊಂಡರು. ಈ ಸಲ ಬಂದದ್ದು ಬೂಟಿನ ಜಾಹೀರಾತು. ಈಗ ಮನೆಯಲ್ಲಿ ಸಂಕ್ರಾಂತಿಯವರೆಗೆ ಆಗುವಷ್ಟು ಮೆಣಸಿನಕಾಯಿ ಇದೆ.

ಚಿತ್ರಕ್ಕೆ ಗಿಳಿಯನ್ನು ಆರಿಸಿಕೊಂಡೆ, ಮಾವಿನಕಾಯಿ ಕುಕ್ಕುವ ಗಿಳಿ. ಹಳೆಯ ದಿನಪತ್ರಿಕೆಯ ಮೇಲೆ ಗೆರೆ ಎಳೆದೆ. ಅತ್ತೆ, ಏನು ಹೇಳಲಿ! ಸರಿಯಾಗಿದೆಯೆಂದು ಹೊಲಿದು ಚೂರನ್ನು ಮಗುಚಿದರೆ ಒಂದು ಬೆರಳು ಸಾಲದು, ಸಂದಿಯಲ್ಲಿ ಪತ್ರಿಕೆಯ ಅಕ್ಷರ ಇಣುಕುತ್ತದೆ. ಬಿಚ್ಚಹೋದರೆ ಸೂಜಿಯ ತೂತುಗಳ ಉದ್ದಕ್ಕೂ ಕಾಗದ ಹರಿಯುತ್ತದೆ. ಮತ್ತೆ ಗೆರೆ, ಮತ್ತೆ ನಂಬರು. ನಾಲ್ಕು ಹೊಲಿಗೆ ಹಾಕುವುದರೊಳಗೆ ಪುಟ್ಟಿ ಚೀರುತ್ತಾಳೆ. ಅವಳನ್ನು ಎತ್ತಿಕೊಂಡು ಬಂದರೆ ಮೂರನೇ ನಂಬರು ಆಯಿತೋ ನಾಲ್ಕನೆಯದು ಆಯಿತೋ ನನಗೇ ಮರೆತಿರುತ್ತದೆ. ಒಂಬತ್ತು ದಿನ ಹೀಗೆ. ಹಾಳೆಗೆ ಅಂಟಿದ್ದ ಖಾರ ಹತ್ತಿದ ಕೈಯಲ್ಲಿ ಕಣ್ಣುಜ್ಜಿಕೊಂಡು ಒಂದು ಮಧ್ಯಾಹ್ನವಿಡೀ ಅತ್ತದ್ದೂ ಆಯಿತು. ಖಾರಕ್ಕೇ ಅತ್ತೆನೋ ಏನೋ.

ಕೊನೆಗೆ ಗಿಳಿ ಆಯಿತು, ಮಾವಿನ ಕೊಂಬೆ ಬೇರೆ ತುಂಡಿನಲ್ಲಿ ಆಯಿತು. ಚಿತ್ರದಲ್ಲಿದ್ದಂತೆ ಬಟ್ಟೆಯ ಮೇಲ್ಬದಿಗೆ ಗಿಳಿ ಎಡಕ್ಕೆ, ಕೊಂಬೆ ಬಲಕ್ಕೆ ಬರುವ ಹಾಗೆ ಎರಡನ್ನೂ ಜೋಡಿಸಿ ಹೊಲಿದು, ತಿರುಗಿಸಿ ನೋಡುತ್ತೇನೆ, ಗಿಳಿ ಮಾವಿನಕಾಯಿಗೆ ಬೆನ್ನು ಮಾಡಿ ಕೂತಿದೆ! ಕಾಗದದ ಕಡೆಯಿಂದ ಹೊಲಿದರೆ ಬಟ್ಟೆಯಲ್ಲಿ ಚಿತ್ರ ಎಡಬಲ ಆಗುತ್ತದೆಂದು ಹೊಳೆಯಲೇ ಇಲ್ಲ. ಕನ್ನಡಿಯ ಪಾಠ ಮೂರು ವರ್ಷ ಓದಿದವಳಿಗೆ! ಮಾವನವರು ಕನ್ನಡಕ ಏರಿಸಿ ನೋಡಿ, ‘ಇದ್ಯಾವೂರ ಗಿಳಿಯವ್ವಾ, ಕಾಯಿ ಬ್ಯಾಡಂತ ಸಿಟ್ಟು ಮಾಡ್ಕಂಡೈತೆ’ ಅಂದರು. ನಿಮ್ಮ ಮಗ ನಕ್ಕರು. ಅವರಿಗೆ ಆ ಹೊತ್ತು ಚಹಾ ಕೊಡಲಿಲ್ಲ.

ಇಷ್ಟರ ಮೇಲೆ ಆರನೆಯ ಹೆಜ್ಜೆಯನ್ನು ನಿಮ್ಮ ಮೊಮ್ಮಗಳು ಕಲಿಸಿದಳು. ಕಾಗದವನ್ನು ಕೀಳುವುದು ಹೇಗೆಂದು ತಿಳಿಯದೆ ಚಾಪೆಯ ಮೇಲೆ ಇಟ್ಟಿದ್ದೆ. ಮಗ್ಗುಲಾಗುವುದು ಈಚೆಗೆ ಕಲಿತಿದ್ದಾಳಲ್ಲ, ಉರುಳಿ ಬಂದು ಅದರ ಮೇಲೇ ಉಚ್ಚೆ ಹೊಯ್ದಳು. ನೆನೆದ ಕಾಗದ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ತಾನಾಗಿ ಸುಲಿದು ಬಂತು. ಜೊತೆಗೆ ಪತ್ರಿಕೆಯ ಶಾಯಿ ಪೂರಾ ಬಿಳೀ ಬಟ್ಟೆಗೆ ಇಳಿದಿದೆ. ಗಿಳಿಯ ಹೊಟ್ಟೆಯ ಮೇಲೆ ಈರುಳ್ಳಿಯ ಪೇಟೆ ಧಾರಣೆಯನ್ನು ತಿರುಗಾಮುರುಗಾ ಓದಬಹುದು.

ಆಮೇಲೆ ಟ್ರಂಕಿನ ಮೇಲಿನ ಕೌದಿಯನ್ನು ಬಿಡಿಸಿ ನೋಡಿದೆ, ಮೂಲೆಗಳನ್ನು ಹೇಗೆ ಕೂಡಿಸಿದ್ದೀರೆಂದು. ಗೆರೆಯಿಲ್ಲ, ನಂಬರಿಲ್ಲ, ಒಂದು ಮೂಲೆಯೂ ತಪ್ಪಿಲ್ಲ. ಹಿಂಬದಿ ಯಾವುದು, ಮುಂಬದಿ ಯಾವುದು ಎಂದೇ ತಿಳಿಯದು. ಕುದಿಸಲು ಹಂಡೆಯವರೆಗೂ ಒಯ್ದವಳು ವಾಪಸು ತಂದು ಹಾಗೆಯೇ ತೊಟ್ಟಿಲಿಗೆ ಹಾಸಿದೆ. ಮಲಗಿಸಿದ ಕೂಡಲೇ ಪುಟ್ಟಿ ನಿದ್ದೆಹೋದಳು ಎಂದು ಬರೆಯುವ ಆಸೆ ನನಗೂ ಇದೆ. ಇಲ್ಲ. ಅದರ ಮೇಲೂ ಅಷ್ಟೇ ಜೋರಾಗಿ ಅತ್ತಳು. ನೀವು ಕಾಲು ಚಾಚಿ ಕೂತು, ಕಣಕಾಲ ಮೇಲೆ ಮಲಗಿಸಿಕೊಂಡು ತೂಗುತ್ತಿದ್ದಿರಲ್ಲ, ಅವಳಿಗೆ ಅದು ಬೇಕು. ನನ್ನ ಕಾಲಿನ ಮೇಲೆ ಹಾಕಿಕೊಂಡರೆ, ಇವಳ್ಯಾರು ಅನ್ನುವ ಹಾಗೆ ನೋಡುತ್ತಾಳೆ.

ಮಾವನವರು ನಿಮ್ಮ ಔಷಧಿ ಚೀಟಿಯನ್ನು ಇದರ ಜೊತೆ ಇಡಲು ಹೇಳಿದ್ದಾರೆ, ಇಟ್ಟಿದ್ದೇನೆ. ಪ್ರೇಮಳಿಗೂ ಅವಳ ಯಜಮಾನರಿಗೂ ನಮ್ಮ ನೆನಪು. ನಿಮ್ಮ ಪಾದಕ್ಕೆ ಪುಟ್ಟಿಯ ಹಣೆ ಮುಟ್ಟಿಸಿದ್ದೇನೆಂದು ತಿಳಿಯಿರಿ.

ನಿಮ್ಮ ಸೊಸೆ,
ದಾಕ್ಷಾಯಿಣಿ

ತಾ.ಕ.: ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ, ಮಾವನವರು ಅಂಚೆಗೆ ಹಾಕಲು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಪ್ರೇಮಾ, ಇದನ್ನು ಜೋರಾಗಿ ಓದು. ಅತ್ತೆ, ಬನ್ನಿ ಎಂದು ಬರೆಯಲು ನನಗೆ ಮುಖವಿಲ್ಲ, ಅದಕ್ಕೆ ನಾನೇ ಬರುತ್ತೇನೆ. ಭಾನುವಾರ ಮೊದಲ ಬಸ್ಸಿಗೆ ಪುಟ್ಟಿಯನ್ನು ಎತ್ತಿಕೊಂಡು ಹೊರಡುವೆ. ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಊಟದ ಹೊತ್ತಿಗೆ ಅಲ್ಲಿರುತ್ತೇವೆ. ಧೂಳು, ಗಾಳಿ, ಕೂಸಿಗೆ ನೆಗಡಿ ಎಂದು ನಿಮ್ಮ ಮಗ ತಡೆದರು; ಕೇಳಲಿಲ್ಲ. ಬೈಯುವುದಿದ್ದರೆ ಬೈಯಿರಿ, ಕೇಳಿಸಿಕೊಳ್ಳುತ್ತೇನೆ. ಎಷ್ಟು ದಿನ ಇರುತ್ತೀ ಎಂದು ಮಾತ್ರ ಕೇಳಬೇಡಿ. ನೀವು ಹೊರಟ ದಿನವೇ ನಾನು ಹೊರಡುವುದು.