ಮೀನಿನ ತೊಟ್ಟಿಗೆ ಇಳಿದ ಮೈಲುತುತ್ತ

ತಮ್ಮ ಸಣ್ಣತಿಮ್ಮ,

ಹಿತ್ತಲ ತೊಟ್ಟಿಯಲ್ಲಿ ನಮ್ಮ ಕೊನೆಯ ಮೀನು ಮಗ್ಗುಲಾಗಿ ತೇಲುತ್ತಿದೆ. ಅದರ ಬಿಳಿಯ ಹೊಟ್ಟೆಯ ಮೇಲೆ ತೆಂಗಿನ ಗರಿಯ ನೆರಳು ಬಿದ್ದಿದೆ. ನೀರು ಕದಲುತ್ತಿಲ್ಲ, ಮುಚ್ಚದ ಕಣ್ಣಿನಲ್ಲಿ ಬೆಳಗಿನ ಆಕಾಶ ಸಣ್ಣದಾಗಿ ನಿಂತಿದೆ.

ಅದನ್ನು ಬೆಕ್ಕಿಗೆ ಹಾಕದೆ ಹೂಳು. ತೊಟ್ಟಿಯ ನೀರನ್ನು ದನದ ಬಾನಿಗೆ ಬಿಡಬೇಡ. ತೊಟ್ಟಿಯ ನೀರು ಕುಡಿದು ಬೆಳೆದ ಬಳ್ಳಿಯ ವೀಳ್ಯದೆಲೆಯನ್ನು ಯಾರಿಗೂ ಕೊಡಬೇಡ.

ಇವತ್ತು ಎಲೆ ಕೊಯ್ಯಲು ಹೋದಾಗ ಅದರ ಬೆನ್ನಿನಲ್ಲಿ ಮೈಲುತುತ್ತದ ನೀಲಿ ಕಂಡೆ. ಬಳ್ಳಿಗೆ ಕೊಳೆ ಬಂದಿತೆಂದು ನೀನು ತೋಟದ ಅಡಿಕೆಗೆ ಹೊಡೆಯುವ ಔಷಧಿಯನ್ನೇ ಹೊಡೆದಿದ್ದೀಯ. ತೊಟ್ಟಿಯಿಂದ ಬಳ್ಳಿಗೆ ಹಾಯಿಸಿದ ನೀರು ಮರಳಿನಲ್ಲಿ ಸೋಸಿ ತಿರುಗಿ ಮೀನಿಗೇ ಇಳಿಯುತ್ತದೆಂಬುದು ನಿನಗೆ ಮರೆತುಹೋಯಿತು. ಆ ಮರೆವನ್ನು ನಾನು ಕ್ಷಮಿಸಬಲ್ಲೆ.

ಆದರೆ ಮೀನುಗಳು ಸಾಯತೊಡಗಿದ ಮೇಲೆ, ಹೊಸ ಸಿಮೆಂಟಿನ ಸುಣ್ಣವೇ ಅವನ್ನು ಕೊಲ್ಲುತ್ತಿದೆಯೆಂದು ನಾನು ತೊಟ್ಟಿಗೆ ಸಗಣಿ ಬಳಿದು ತೊಳೆಯುತ್ತಿದ್ದಾಗ ನೀನು ಪಕ್ಕದಲ್ಲೇ ನಿಂತು, "ಸಿಮೆಂಟಿನ ಕಾವು ಕಣಣ್ಣ, ಇನ್ನೊಂದ್ ದಪ ನೀರು ಬದಲಾಯ್ಸು, ಸರಿ ಹೋಯ್ತದೆ" ಅಂದೆ. ಬಿಂದಿಗೆಯನ್ನೂ ಎತ್ತಿಕೊಟ್ಟೆ. ನಾನು ಪ್ರತಿ ಸಲ ಹೊಸ ಮರಿಗಳನ್ನು ತಂದು ಬಿಡುವಾಗಲೂ ಅವು ಸಾಯುವುದು ನಿನಗೆ ಗೊತ್ತಿತ್ತು.

ಮುದ್ದೆ ಒಲೆಯ ಬಳಿ ಇದೆ. ಸಾರು ಬಿಸಿ ಮಾಡಿಕೋ.

ನಾನು ಶೆಟ್ಟಿಕೆರೆಗೆ, ಅಕ್ಕನ ಮನೆಗೆ ಹೊರಟಿದ್ದೇನೆ. ನಿನ್ನನ್ನು ಎಬ್ಬಿಸಿ ಕೇಳೋಣವೆಂದು ಕೋಣೆಯ ಎದುರು ನಿಂತಿದ್ದೆ. ಮತ್ತೊಂದು ಸುಳ್ಳು ಹೇಳುತ್ತೀಯೆಂಬ ಭಯದಿಂದ ಈ ಚೀಟಿ ಬರೆಯಲು ಕುಳಿತೆ. ನಿನ್ನ ನಿದ್ದೆ ಕೆಡಬಾರದೆಂದು ದಿನವೂ ಮೆಲ್ಲಗೆ ಎಳೆದುಕೊಳ್ಳುತ್ತಿದ್ದ ಬೀದಿ ಬಾಗಿಲನ್ನು ಇವತ್ತು ಸದ್ದಾಗುವಂತೆಯೇ ಮುಚ್ಚಿ ಹೋಗುತ್ತೇನೆ.